ಆಟವೂ ಅದರ ಹಾಸೂ

೨೦೨೫ರ ದೀಪಾವಳಿಗೆ ನನ್ನೂರಾದ ಮೊರಬಕ್ಕೆ ಹೋಗಿದ್ದೆ. ಹಿಂಗಾರಿ ಬಿತ್ತನೆಯ ದಿನಗಳು. ಎರೆಹೊಲಗಳ ಗಡಿಬಿಡಿಯಲ್ಲಿ ಮನೆಯ ಹಿರಿಯರಾರೂ ಹಗಲುಹೊತ್ತು ಕೈಗೆ ಸಿಗುತ್ತಿರಲಿಲ್ಲ. ಪಡಸಾಲೆಯಲ್ಲಿ ಅಣ್ಣನ ಮಗನೊಬ್ಬನೇ ಹಳೆಯ ಲ್ಯಾಪ್‌ಟಾಪೊಂದರ ಮುಂದೆ ಮೋರೆ ಸಣ್ಣದು ಮಾಡಿಕೊಂಡು ಕುಳಿತಿದ್ದ. ಹುಬ್ಬಳ್ಳಿಯಲ್ಲಿ ಬಿ.ಎ. ಓದುವ ಹುಡುಗ, ಆ ಯಂತ್ರವನ್ನು ಮತ್ತೊಬ್ಬರು ಬಳಸಿ ಬಿಟ್ಟಮೇಲೆ ಅಗ್ಗಕ್ಕೆ ಕೊಂಡವನು. ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಮ್ಮಿಗೆ ಆಯುಸ್ಸು ತೀರಿತ್ತು. ಹೊಸದನ್ನು ಹಾಕೋಣವೆಂದರೆ ಯಂತ್ರಕ್ಕೆ ಅಷ್ಟು ಅರ್ಹತೆ ಇರಲಿಲ್ಲ. ಗೆಳೆಯನೊಬ್ಬನ ಮಾತು ಕೇಳಿ ಲಿನಕ್ಸನ್ನು ಹಾಕಿಕೊಂಡಿದ್ದ.

“ಉಳಿದದ್ದೆಲ್ಲಾ ಛಲೋ ಆಗೇತ್ರಿ ಕಾಕಾ,” ಎಂದ. “ಮೊದಲಿಗಿಂತ ಲಗೂನ ಚಾಲೂ ಆಗತೈತಿ. ಆದರ ನನ್ನ ಎರಡು ಆಟದಾಗ ಒಂದು ಓಡತೈತಿ, ಇನ್ನೊಂದು ಬಾಗಲಾನ ತಗೀವಲ್ದು.”

ಆಟ ತಾನೆ, ಬಿಡೋ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಪಾಠ ಹೇಳುವವರ ನಾಲಗೆಗೆ ಇಂಥ ಮಾತು ಬೇಗ ಬರುತ್ತದೆ. ಆದರೆ ಹುಡುಗ ಕುಳಿತಿದ್ದುದು ನಮ್ಮ ಮನೆಯ ಹಳೆಯ ನವಲಗುಂದದ ಜಮಖಾನೆಯ ಮೇಲೆ; ಅದರ ನಡುವೆ ನೇಯ್ದಿದ್ದುದು ಪಗಡೆಯ ಹಾಸು. ಅದರ ಮೇಲೆ ಕಣ್ಣು ಬಿದ್ದು, ಮಾತನ್ನು ನುಂಗಿಕೊಂಡೆ.

ನಮ್ಮ ತಾಲೂಕಿನ ಈ ಜಮಖಾನೆಗಳನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ನವಲಗುಂದದ ಮುಸಲ್ಮಾನ ಹೆಣ್ಣುಮಕ್ಕಳು ತಲೆಮಾರುಗಳಿಂದ ನೇಯುತ್ತ ಬಂದ ಅವುಗಳ ಮೇಲೆ ನವಿಲೂ ಬರುತ್ತದೆ, ಪಗಡೆಯ ಮನೆಗಳೂ ಬರುತ್ತವೆ. ಇದೇ ಪಗಡೆಯನ್ನು ನನ್ನ ಅಜ್ಜಿ ಹೊಲಿದ ಅರಿವೆಯ ಮೇಲೆ ಆಡುತ್ತಿದ್ದಳು. ಅರಿವೆ ಕೈಗೆ ಸಿಗದಿದ್ದರೆ ಸಾರಿಸಿದ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಕಾಯಿಗಳು ಕಳೆದರೆ ಹುಣಸೆಯ ಬೀಜಗಳೇ ಕಾಯಿ. ಹಂಪಿಗೆ ಹೋದವರು ಅಲ್ಲಿಯ ಕಲ್ಲುಹಾಸುಗಳ ಮೇಲೆ ಯಾರೋ ಎಂದೋ ಕೊರೆದಿಟ್ಟ ಆಟದ ಮನೆಗಳನ್ನು ನೋಡಿರುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೯ನೆಯ ಶತಮಾನದಲ್ಲಿ ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳ ವಿವರಗಳನ್ನು ಬರೆಸಿಟ್ಟರು, ಅವನ್ನು ಓದಿ ಬೇರೊಂದು ಹಾಸಿನ ಮೇಲೆ ಮತ್ತೆ ಆಡಬಹುದು. ಅರಿವೆ, ನೆಲ, ಕಲ್ಲು, ಜಮಖಾನೆ, ಎಲ್ಲಿಂದ ಎಲ್ಲಿಗೆ ದಾಟಿದರೂ ಆಟ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಟದ ಕಟ್ಟಳೆ ಆಡುವವರ ತಲೆಯಲ್ಲಿತ್ತು, ಹಾಸಿನಲ್ಲಿರಲಿಲ್ಲ.

ಕಂಪ್ಯೂಟರಿನ ಆಟಕ್ಕೆ ಈ ಭಾಗ್ಯವಿಲ್ಲ. ಅದು ತಾನಿರುವ ಹಾಸಿಗೆ ಹೊಲಿದುಕೊಂಡೇ ಹುಟ್ಟುತ್ತದೆ. ಕಡತವನ್ನು ತೆರೆ, ತೆರೆಯ ಮೇಲೆ ಈ ಚಿತ್ರವನ್ನು ಬಿಡಿಸು, ಯಾವ ಕೀಲಿಯನ್ನು ಒತ್ತಿದರೆಂದು ಹೇಳು, ಹೀಗೆ ಕ್ಷಣಕ್ಷಣಕ್ಕೂ ಅದು ಕೆಳಗಿರುವ ವ್ಯವಸ್ಥೆಯನ್ನು ಬೇಡುತ್ತಿರುತ್ತದೆ. ವಿಂಡೋಸಿಗಾಗಿ ಬರೆದ ಆಟ ವಿಂಡೋಸಿನ ಮಾತಿನಲ್ಲಿಯೇ ಬೇಡುತ್ತದೆ. ಲಿನಕ್ಸಿಗೆ ಆ ಮಾತು ತಿಳಿಯದು, ಮ್ಯಾಕಿಗೂ ತಿಳಿಯದು. ಯಂತ್ರ ಅದೇ, ಒಳಗಿನ ಪ್ರೊಸೆಸರೂ ಅದೇ. ಆದರೂ ಆಟ ಮೂಕವಾಗಿ ನಿಲ್ಲುತ್ತದೆ.

ಇಂಥ ಆಟವನ್ನು ಆಚೆಯ ದಡಕ್ಕೆ ಸಾಗಿಸುವ ದಾರಿಗಳು ಎರಡು. ಒಂದು, ತಾಯಿಯ ಕಡೆಯಿಂದ ಅಣ್ಣಿಗೇರಿಯ ನಂಟಿನವನಾದ ಪಂಪನ ದಾರಿ: ಸಂಸ್ಕೃತದ ಮಹಾಭಾರತವನ್ನು ಕನ್ನಡದ ಮಣ್ಣಿನಲ್ಲಿ ಹೊಸದಾಗಿ ಕಟ್ಟುವುದು. ಇನ್ನೊಂದು ದುಭಾಷಿಯ ದಾರಿ: ಮೂಲವನ್ನು ಮುಟ್ಟದೆ, ಆಡಿದವನ ಪಕ್ಕದಲ್ಲಿ ನಿಂತು ಮಾತಿಗೆ ಮಾತು ತಿಳಿಸಿಹೇಳುವುದು. ಸಾಹಿತ್ಯದ ವಿದ್ಯಾರ್ಥಿಯಾದ ನನ್ನ ಒಲವು ಸಹಜವಾಗಿಯೇ ಮೊದಲನೆಯದರ ಕಡೆಗೆ. ಆದರೆ ಈ ಕ್ಷೇತ್ರದ ಚರಿತ್ರೆಯನ್ನು ನೋಡಿದಮೇಲೆ ನನ್ನ ಒಲವನ್ನು ತಿದ್ದಿಕೊಳ್ಳಬೇಕಾಯಿತು.

ಮೊದಲನೆಯ ದಾರಿಗೆ ಮೂಲಗ್ರಂಥ ಬೇಕು. ಎಂದರೆ ಪ್ರೋಗ್ರಾಮಿನ ಮೂಲಪಾಠ. ಅದು ಒಡೆಯನ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ೧೯೯೮ರಲ್ಲಿ ಅಮೆರಿಕೆಯಲ್ಲಿ ಲೋಕಿ ಎಂಬ ಸಂಸ್ಥೆ ಹುಟ್ಟಿತು. ಪ್ರಕಾಶಕರಿಂದ ಪರವಾನಗಿ ಪಡೆದು, ವಿಂಡೋಸಿನ ಆಟಗಳನ್ನು ಲಿನಕ್ಸಿಗೆ ಹೊಸದಾಗಿ ಬರೆದು ಮಾರುವುದು ಅದರ ಉದ್ಯಮ. ೨೦೦೨ರ ಜನವರಿಯಲ್ಲಿ ಅದು ಮುಚ್ಚಿತು. ಅದು ಸಾಗಿಸಿದ ಆಟಗಳಿಗೆ ಹೇಳುವವರು ಕೇಳುವವರು ಇಲ್ಲವಾದರು. ಉಳಿದದ್ದು ಆ ಸಂಸ್ಥೆಯಲ್ಲಿದ್ದ ಸ್ಯಾಮ್ ಲ್ಯಾಂಟಿಂಗಾ ೧೯೯೮ರಲ್ಲಿ ಮಾಡಿದ ಎಸ್‌ಡಿಎಲ್ ಎಂಬ ಸಲಕರಣೆ. ಚಿತ್ರ, ಧ್ವನಿ, ಕೀಲಿಮಣೆಗಳ ವ್ಯವಹಾರವನ್ನು ಎಲ್ಲ ವ್ಯವಸ್ಥೆಗಳಲ್ಲಿಯೂ ಒಂದೇ ಬಗೆಯಲ್ಲಿ ನಡೆಸಿಕೊಡುವ ಅದು ಮೂಲಪಾಠವನ್ನು ಬಿಚ್ಚಿಟ್ಟದ್ದರಿಂದ ಇಂದಿಗೂ ಬಾಳುತ್ತಿದೆ.

‘ಡೂಮ್’ ಎಂಬ ಆಟದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ೧೯೯೩ರಲ್ಲಿ ಹೊರಬಂದ ಅದು ಡಾಸ್ ವ್ಯವಸ್ಥೆಗಾಗಿ ಮಾಡಿದ ಆಟ. ಬರೆದವರು ಮಾತ್ರ ನೆಕ್ಸ್ಟ್ ಎಂಬ ಬೇರೊಂದೇ ಯಂತ್ರದ ಮೇಲೆ ಕುಳಿತು ಬರೆದರು. ಮರುವರ್ಷವೇ ಡೇವ್ ಟೇಲರ್ ಅದನ್ನು ಲಿನಕ್ಸಿಗೆ ದಾಟಿಸಿದ. ೧೯೯೭ರ ಡಿಸೆಂಬರಿನಲ್ಲಿ ಅದರ ಕರ್ತೃಗಳಲ್ಲೊಬ್ಬನಾದ ಜಾನ್ ಕಾರ್ಮ್ಯಾಕ್ ಮೂಲಪಾಠವನ್ನು ಲೋಕದ ಮುಂದಿಟ್ಟ. ಹೊರಗಿಟ್ಟದ್ದು ಡಾಸಿನ ಪಾಠವನ್ನಲ್ಲ, ಲಿನಕ್ಸಿನ ಪಾಠವನ್ನು. ಡಾಸಿನದರಲ್ಲಿ ಧ್ವನಿಯ ಭಾಗ ಬೇರೆಯವರ ಸ್ವತ್ತಾಗಿತ್ತು. ಅಂದಿನಿಂದ ಆ ಆಟ ಏರದ ಹಾಸಿಲ್ಲ. ೨೦೧೪ರಲ್ಲಿ ಒಬ್ಬಾತ ಅದನ್ನು ಮುದ್ರಣಯಂತ್ರವೊಂದರ ಅಂಗೈಯಗಲದ ಪರದೆಯ ಮೇಲೂ ಓಡಿಸಿದ. ಇದು ಹುಡುಗಾಟವೆಂದು ನಗಬಹುದು. ನನಗಂತೂ ಹುಣಸೆಯ ಬೀಜದಿಂದ ಪಗಡೆಯಾಡುತ್ತಿದ್ದ ಅಜ್ಜಿಯ ನೆನಪಾಗುತ್ತದೆ.

ಆದರೆ ಕಾರ್ಮ್ಯಾಕನಂಥ ಒಡೆಯರು ವಿರಳ. ಉಳಿದವರ ಆಟಗಳಿಗೆ ದುಭಾಷಿಯೇ ಗತಿ. ಆ ದುಭಾಷಿಯ ಹೆಸರು ವೈನ್. ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ತಾನು ಯಂತ್ರದ ಅಣಕವಲ್ಲ ಎಂದು ಸಾರುವ ಇಂಗ್ಲಿಷು ವಾಕ್ಯವೊಂದರ ಮೊದಲಕ್ಷರಗಳಿಂದಾದ ಹೆಸರು. ವಿಂಡೋಸಿನ ಮಾತಿನಲ್ಲಿ ಬಂದ ಬೇಡಿಕೆಯನ್ನು ಕೇಳಿಸಿಕೊಂಡು ಲಿನಕ್ಸಿನ ಮಾತಿನಲ್ಲಿ ನಡೆಸಿಕೊಡುವುದಷ್ಟೇ ಅದರ ಕೆಲಸ. ೧೯೯೩ರಲ್ಲಿ ಆರಂಭವಾದ ಈ ಕೆಲಸವನ್ನು ಮರುವರ್ಷದಿಂದ ಅಲೆಕ್ಸಾಂಡ್ರ್ ಜುಲಿಯಾರ್ ಮುನ್ನಡೆಸಿದರು. ಅದು ಮೊದಮೊದಲು ಓಡಿಸಿದ ಪ್ರೋಗ್ರಾಮುಗಳಲ್ಲಿ ಸಾಲಿಟೇರ್ ಎಂಬ ಒಂಟಿ ಇಸ್ಪೀಟಾಟವೂ ಒಂದು. ‘೧.೦’ ಎಂದು ಹೆಸರಿಟ್ಟು ಹೊರತಂದದ್ದು ೨೦೦೮ರಲ್ಲಿ. ಹದಿನೈದು ವರ್ಷ! ನಿಘಂಟಿನ ಕೆಲಸ ಮಾಡಿದವರಿಗೆ ಇದು ಅರ್ಥವಾದೀತು. ಆ ಕಾಲದಲ್ಲಿ ಮೂಲದ ಒಡೆಯರು ಸುಮ್ಮನಿರಲಿಲ್ಲ. ವಿಂಡೋಸಿನ ನುಡಿಗಟ್ಟು ವರ್ಷವರ್ಷಕ್ಕೆ ಬೆಳೆಯುತ್ತಲೇ ಇತ್ತು.

ಈ ದುಭಾಷಿಗೆ ಆಶ್ರಯ ಸಿಕ್ಕಿದ್ದು ಒಬ್ಬ ವ್ಯಾಪಾರಿಯಿಂದ. ಸ್ಟೀಮ್ ಎಂಬುದು ವಾಲ್ವ್ ಸಂಸ್ಥೆ ೨೦೦೩ರಲ್ಲಿ ತೆರೆದ ಆಟಗಳ ಅಂಗಡಿ. ಅದು ನಿಂತದ್ದೆಲ್ಲ ವಿಂಡೋಸಿನ ನೆಲದ ಮೇಲೆ. ೨೦೧೨ರಲ್ಲಿ ವಿಂಡೋಸ್ ೮ ತನ್ನದೇ ಅಂಗಡಿಯನ್ನು ಕಟ್ಟಿಕೊಂಡು ಬರುವಾಗ ವಾಲ್ವಿನ ಯಜಮಾನ ಗೇಬ್ ನ್ಯೂವೆಲ್ ಅದನ್ನು ಅನಾಹುತವೆಂದೇ ಕರೆದ. ನೆಲದ ಒಡೆಯ ಅಂಗಡಿಯನ್ನೂ ಹಾಕಿದರೆ ಬಾಡಿಗೆದಾರನಿಗೆ ಎದೆ ಡವಗುಟ್ಟದಿದ್ದೀತೆ? ೨೦೧೩ರಲ್ಲಿ ಸ್ಟೀಮ್ ಲಿನಕ್ಸಿಗೆ ಬಂದಿತು. ೨೦೧೫ರಲ್ಲಿ ಲಿನಕ್ಸನ್ನು ನಂಬಿ ಹೊರಟ ‘ಸ್ಟೀಮ್ ಮಷೀನು’ಗಳು ಸೋತವು, ಹೊಸ ಹಾಸಿನ ಮೇಲೆ ಆಡಲು ಬೇಕಾದಷ್ಟು ಆಟಗಳಿರಲಿಲ್ಲ. ಆ ಸೋಲಿನ ಪಾಠವನ್ನು ಕಲಿತು, ಎಲ್ಲರೂ ಹೊಸದಾಗಿ ಬರೆಯಲಿ ಎಂದು ಕಾಯುವುದನ್ನು ಬಿಟ್ಟು, ವಾಲ್ವ್ ವೈನನ್ನೇ ತಳಹದಿಯಾಗಿ ಹಿಡಿಯಿತು. ಅದಕ್ಕೆ ಫಿಲಿಪ್ ರೆಬೋಲೆ ರಚಿಸಿದ ಚಿತ್ರಭಾಷೆಯ ದುಭಾಷಿ ಡಿಎಕ್ಸ್‌ವಿಕೆಯನ್ನು ಜೋಡಿಸಿ, ೨೦೧೮ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬ ಹೆಸರಿನಿಂದ ಹೊರತಂದಿತು. ೨೦೨೨ರಲ್ಲಿ ಬಂದ ‘ಸ್ಟೀಮ್ ಡೆಕ್’ ಎಂಬ ಕೈಯಂತ್ರ ನಡೆಯುವುದು ಇದರ ಬಲದಿಂದಲೇ. ನನ್ನ ಅಣ್ಣನ ಮಗನ ಎರಡು ಆಟಗಳಲ್ಲಿ ಒಂದು ಓಡುತ್ತಿರುವುದೂ ಇದರಿಂದಲೇ.

ಇದರಲ್ಲಿ ಧರ್ಮಕ್ಕಿಂತ ಸ್ವಾರ್ಥ ಹೆಚ್ಚೆಂದು ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪ. ಇರಲಿ. ಆಶ್ರಯ ಕೊಟ್ಟ ಅರಸರೆಲ್ಲ ನಿಸ್ಪೃಹರಾಗಿದ್ದರೆ? ನಾವು ನೋಡಬೇಕಾದದ್ದು, ಆಶ್ರಯದಾತ ಹೋದಮೇಲೆ ಕಾವ್ಯ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು. ವೈನಿನ ಮೂಲಪಾಠ ಎಲ್ಲರಿಗೂ ತೆರೆದದ್ದು. ನಾಳೆ ವಾಲ್ವ್ ಕೈಬಿಟ್ಟರೂ ಇದುವರೆಗಿನ ಕೆಲಸ ನಮ್ಮ ಪಾಲಿಗೆ ಉಳಿಯುತ್ತದೆ. ಲೋಕಿಯ ಆಟಗಳಿಗೆ ಈ ರಕ್ಷಣೆ ಇರಲಿಲ್ಲ. ದುಭಾಷಿ ಚೆನ್ನಾಗಿ ಮಾತನಾಡುವುದರಿಂದ ಕರ್ತೃಗಳು ಸೋಮಾರಿಗಳಾಗಿ, ಲಿನಕ್ಸಿಗೆಂದೇ ಬರೆಯುವುದನ್ನು ಬಿಡುತ್ತಾರೆ ಎಂಬ ಆಕ್ಷೇಪವೂ ಉಂಟು. ಅದರಲ್ಲಿ ಸತ್ಯವಿದೆ, ಒಪ್ಪುತ್ತೇನೆ.

ನನ್ನ ಸಿಟ್ಟು ಬೇರೆ ಕಡೆಗಿದೆ. ಹುಡುಗನ ಎರಡನೆಯ ಆಟ ಅನೇಕರು ಕೂಡಿ ದೂರದಿಂದ ಆಡುವಂಥದು. ಮೋಸವನ್ನು ತಡೆಯಲು ಅಂಥ ಆಟಗಳಿಗೆ ಕಾವಲು ತಂತ್ರಾಂಶವೊಂದಿರುತ್ತದೆ. ದುಭಾಷಿಗೆ ಮಾತು ಗೊತ್ತು, ಆಟ ಓಡಬಲ್ಲದು. ಕಾವಲುಗಾರ ಮಾತ್ರ ಒಳಗೆ ಬಿಡುವುದಿಲ್ಲ. ೨೦೨೧ರಲ್ಲಿಯೇ ಈಜಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬೆರಡು ಪ್ರಸಿದ್ಧ ಕಾವಲುಗಳು ಪ್ರೋಟಾನಿನಲ್ಲಿಯೂ ನಡೆಯುವಂತಾದವು. ಆದರೆ ಹೂಂ ಅನ್ನಬೇಕಾದವರು ಆಯಾ ಆಟದ ಒಡೆಯರು. ಹಲವರು ಅನ್ನಲಿಲ್ಲ. ಅಂದವರೂ ಮಾತು ಹಿಂತೆಗೆದುಕೊಂಡದ್ದುಂಟು: ೨೦೨೪ರ ಅಕ್ಟೋಬರ್ ೩೧ರಂದು ‘ಏಪೆಕ್ಸ್ ಲೆಜೆಂಡ್ಸ್’ನವರು, ಮೋಸಗಾರರು ಲಿನಕ್ಸಿನ ದಾರಿಯಿಂದ ನುಗ್ಗುತ್ತಾರೆಂಬ ಕಾರಣ ಹೇಳಿ, ಆ ದಾರಿಯನ್ನೇ ಮುಚ್ಚಿದರು. ಮೋಸದ ಭಯ ಸುಳ್ಳಲ್ಲ. ಆಡುವವರೆಲ್ಲರ ಸುಖವನ್ನು ಒಬ್ಬ ಮೋಸಗಾರ ಕೆಡಿಸಬಲ್ಲ. ಆದರೆ ಕಳ್ಳರು ಬರುತ್ತಾರೆಂದು ಒಂದು ಓಣಿಯ ಜನಕ್ಕೆಲ್ಲ ಜಾತ್ರೆಯನ್ನು ಬಂದು ಮಾಡುವುದು ನ್ಯಾಯವೆ?

ಲಿನಕ್ಸಿನ ಭಕ್ತರಿಗೂ ನನ್ನದೊಂದು ಮಾತಿದೆ. ಅವರಲ್ಲಿ ಕೆಲವರು ಇಂಥ ಹುಡುಗನಿಗೆ, ‘ಆ ಆಟವನ್ನೇ ಬಿಟ್ಟುಬಿಡು, ಸ್ವಾತಂತ್ರ್ಯ ದೊಡ್ಡದು’ ಎಂದು ಬೋಧಿಸುತ್ತಾರೆ. ಶಾಕುಂತಲವನ್ನು ಓದಬೇಕಾದರೆ ಸಂಸ್ಕೃತ ಕಲಿತು ಬಾ ಎನ್ನುತ್ತಿದ್ದ ಹಳೆಯ ಶಾಸ್ತ್ರಿಗಳಿಗೂ ಇವರಿಗೂ ಏನು ಭೇದ? ಜನ ಹೊಸ ಮನೆಗೆ ಬರುವುದು ತಮ್ಮ ಪಾತ್ರೆ ಪಡಗಗಳನ್ನು ತರಲಾಗುವುದಾದರೆ ಮಾತ್ರ. ‘ಪಬ್‌ಜಿ’ ೨೦೧೭ರಲ್ಲಿ ಮೊದಲು ಬಂದದ್ದು ಕಂಪ್ಯೂಟರಿಗೆ. ಆಗ ನಮ್ಮೂರಿನಲ್ಲಿ ಅದರ ಹೆಸರನ್ನು ಕೇಳಿದವರಿರಲಿಲ್ಲ. ೨೦೧೮ರಲ್ಲಿ ಅದು ಫೋನಿಗೆ ದಾಟಿತು. ಗುಡಿಯ ಕಟ್ಟೆಯ ಮೇಲೆ ಹುಡುಗರು ತಲೆ ತಗ್ಗಿಸಿ ಕೂತುಬಿಟ್ಟರು. ಆ ದಾಟುವಿಕೆಯಿಂದ ಆದ ಓದಿನ ಹಾನಿಯನ್ನು ನಾನು ಮರೆತಿಲ್ಲ. ಆದರೆ ಹಾಸು ಬದಲಾದರೆ ಆಡುವ ಜನವೇ ಬದಲಾಗುತ್ತಾರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ೧೧ನೆಯದಕ್ಕೆ ಟಿಪಿಎಂ ೨.೦ ಎಂಬ ಭದ್ರತೆಯ ಅಂಗವೂ ಈಚಿನ ವರ್ಷಗಳ ಪ್ರೊಸೆಸರೂ ಬೇಕು. ಹಳೆಯ ಯಂತ್ರಗಳು ಹೆಚ್ಚಾಗಿ ಸೇರುವುದು ನಮ್ಮಂಥ ಊರುಗಳನ್ನು. ಆದ್ದರಿಂದ ಯಂತ್ರವನ್ನು ಗುಜರಿಗೆ ಹಾಕುವುದೋ ವ್ಯವಸ್ಥೆಯನ್ನು ಬದಲಿಸುವುದೋ ಎಂಬ ಪ್ರಶ್ನೆ ಬಂದದ್ದೂ ಇಲ್ಲಿಗೇ. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳು ಕೇರಳ ಸರಕಾರದ ಲಿನಕ್ಸಿನ ಮೇಲೆಯೇ ಕಂಪ್ಯೂಟರು ಕಲಿಯುತ್ತಾರೆ. ‘ಟಕ್ಸ್ ಪೇಂಟ್’, ‘ಜಿಕಾಂಪ್ರಿ’ಯಂಥ ಮಕ್ಕಳ ಪ್ರೋಗ್ರಾಮುಗಳು ಅಲ್ಲಿಯೂ ಓಡುತ್ತವೆ, ವಿಂಡೋಸಿನಲ್ಲಿಯೂ ಓಡುತ್ತವೆ, ಅವುಗಳ ಮೂಲಪಾಠ ತೆರೆದಿದೆ.

ಇನ್ನೊಂದು ಸಂಗತಿ. ಹದಿನೈದು ವರ್ಷಗಳ ಹಿಂದೆ ನಾನು ಪಾಠಕ್ಕಾಗಿ ಸಿದ್ಧಪಡಿಸಿದ ಹಳಗನ್ನಡದ ಟಿಪ್ಪಣಿಗಳು ಅಂದಿನ ಕನ್ನಡ ತಂತ್ರಾಂಶವೊಂದರಲ್ಲಿ ಬೆರಳಚ್ಚಾಗಿದ್ದವು. ಅದು ಯುನಿಕೋಡಿಗೆ ಮೊದಲಿನ ಪದ್ಧತಿ, ವಿಂಡೋಸಿಗೆ ಮಾತ್ರ ಹೊಲಿದದ್ದು. ಹೊಸ ಯಂತ್ರದಲ್ಲಿ ತೆರೆದರೆ ರನ್ನನೂ ಜನ್ನನೂ ಇಂಗ್ಲಿಷಿನ ಚೂರುಪಾರು ಅಕ್ಷರಗಳಾಗಿ ಕಾಣುತ್ತಿದ್ದರು. ಅಣ್ಣನ ಮಗ ಆ ದಿನ ಮಧ್ಯಾಹ್ನ ಅದೇ ವೈನಿನೊಳಗೆ ನನ್ನ ಹಳೆಯ ತಂತ್ರಾಂಶವನ್ನು ಎಬ್ಬಿಸಿ ನಿಲ್ಲಿಸಿದ. ಟಿಪ್ಪಣಿಗಳು ಕನ್ನಡವಾಗಿ ತೆರೆದುಕೊಂಡವು. ಅವನ್ನು ಯುನಿಕೋಡಿಗೆ ತಿರುಗಿಸಿಟ್ಟುಕೊಳ್ಳಲು ಇಬ್ಬರಿಗೂ ರಾತ್ರಿಯ ಊಟದ ಹೊತ್ತಾಯಿತು. ಆಟ ತಾನೆ ಎನ್ನಲು ಹೊರಟಿದ್ದವನು ನಾನು.

ಮರುದಿನ ಅವನು ಎರಡನೆಯ ಆಟದ ಒಡೆಯರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದ. ಕಾವಲನ್ನು ತೆಗೆಯಿರಿ ಎಂದಲ್ಲ, ಲಿನಕ್ಸಿನ ಬಾಗಿಲಿಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸಿರಿ ಎಂದು. “ಭಾಷಾ ಒಂದೀಟ ನೋಡ್ರಿ ಕಾಕಾ” ಎಂದು ನನ್ನ ಕೈಗೆ ಕೊಟ್ಟ. ನಾನು ಎರಡು ವಾಕ್ಯಗಳನ್ನು ತಿದ್ದಿ, ಸಿಟ್ಟಿನ ಒಂದು ಶಬ್ದವನ್ನು ಹೊಡೆದುಹಾಕಿದೆ. ಉತ್ತರ ಇನ್ನೂ ಬಂದಿಲ್ಲ.