ಕಬ್ಬಿನ ಗಾಡಿಯೂ ಕಣ್ಣುಳ್ಳ ದೀಪವೂ

ದೀಪಾವಳಿ ಮುಗಿಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ರಸ್ತೆಗಳು ಕಬ್ಬಿನ ವಶವಾಗುತ್ತವೆ. ಎಂ. ಕೆ. ಹುಬ್ಬಳ್ಳಿಯ ಕಾರ್ಖಾನೆಗೆ, ಮುನವಳ್ಳಿಯ ಕಾರ್ಖಾನೆಗೆ, ಇನ್ನೂ ದೂರದವುಗಳಿಗೆ ಹಗಲಿರುಳೆನ್ನದೆ ಸಾಗುವ ಟ್ರ್ಯಾಕ್ಟರುಗಳು. ಒಂದೊಂದರ ಬೆನ್ನಿಗೂ ಎರಡೆರಡು ಟ್ರೇಲರು. ಟ್ರೇಲರಿನ ಅಂಚು ಮೀರಿ ಇಕ್ಕೆಲಕ್ಕೂ ಹಿಂದಕ್ಕೂ ಚಾಚಿದ ಕಬ್ಬು. ಹಗಲಿನಲ್ಲಿ ಇದು ಸಿರಿಯ ಮೆರವಣಿಗೆಯೇ ಸರಿ. ಇರುಳಿನಲ್ಲಿ ಅದರ ರೂಪವೇ ಬೇರೆ. ಟೈರು ಒಡೆದೋ ಅಚ್ಚು ಮುರಿದೋ ರಸ್ತೆಯ ಅರ್ಧವನ್ನು ಆಕ್ರಮಿಸಿ ನಿಂತ ಟ್ರೇಲರಿಗೆ ಎಷ್ಟೋ ವೇಳೆ ಹಿಂದೀಪವಿರುವುದಿಲ್ಲ. ಇದ್ದರೂ ಜೋತುಬಿದ್ದ ರವದಿ ಅದನ್ನು ಮುಚ್ಚಿರುತ್ತದೆ. ಹಿಂದಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬರುವ ತರುಣನಿಗೆ ಅದು ಕತ್ತಲೆಯದೇ ಒಂದು ತುಣುಕು. ಮರುದಿನದ ಪತ್ರಿಕೆಯಲ್ಲಿ ಮೂರು ಸಾಲಿನ ಸುದ್ದಿ. ಒಂದು ಮನೆಯಲ್ಲಿ ಮಾತ್ರ ಅದು ಮುಗಿಯದ ಕಥೆ.

ಇಂತಹ ಅಪಾಯವನ್ನು ಚಾಲಕನಿಗಿಂತ ಮೊದಲೇ ಕಂಡು ಅವನಿಗೆ ತೋರಿಸಿಕೊಡುವ ದೀಪಗಳನ್ನು ಮೋಟಾರು ತಯಾರಕರು ಈಗ ನಿರ್ಮಿಸಿದ್ದಾರೆ. ಆ ದೀಪಗಳು ಈ ರಸ್ತೆಗಳಿಗೆ ಬಂದಲ್ಲಿ ಏನನ್ನು ಕಂಡಾವು, ಏನನ್ನು ಕಾಣಲಾರವು ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆ.

ಮೊದಲು ಸ್ವಲ್ಪ ಲೆಕ್ಕ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕನ್ನು ಮೆಟ್ಟುವ ಹೊತ್ತಿಗೆ ಒಂದೂವರೆ ಸೆಕೆಂಡು, ಎಂದರೆ 33 ಮೀಟರು, ಕಳೆದಿರುತ್ತದೆ. ಒಣ ರಸ್ತೆಯಲ್ಲಿಯೂ ಗಾಡಿ ನಿಲ್ಲಲು ಮತ್ತೆ 35 ಮೀಟರು ಬೇಕು. ತಗ್ಗಿಸಿದ ದೀಪದಲ್ಲಾದರೋ ಕಪ್ಪು ವಸ್ತು ಕಣ್ಣಿಗೆ ಬೀಳುವುದು 50 ಮೀಟರಿನೊಳಗೆ ಬಂದ ಮೇಲೆಯೇ. ಉಳಿದ 18 ಮೀಟರನ್ನು ಯಾವ ದೇವರೂ ಸಾಲ ಕೊಡುವುದಿಲ್ಲ.

ಹಾಗಾದರೆ ದೀಪವನ್ನು ಎತ್ತಿ ಉರಿಸಿದರಾಯಿತಲ್ಲ ಎನ್ನಬಹುದು. ಆದರೆ ಎತ್ತಿದ ದೀಪ ಎದುರಿನವನನ್ನು ಕುರುಡನನ್ನಾಗಿಸುತ್ತದೆ. ಪ್ರಖರ ಬೆಳಕು ಬಿದ್ದ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹಲವು ಕ್ಷಣಗಳು ಬೇಕು. ವಯಸ್ಸಾದಂತೆ ಈ ಅವಧಿ ಬೆಳೆಯುತ್ತದೆ. ರಾತ್ರಿ ಡಿಪ್ಪರ್ ಬಳಸಿರೆಂದು ಲಾರಿಗಳು ಬೆನ್ನ ಮೇಲೆ ಬರೆದುಕೊಂಡಿರುತ್ತವೆ. ಎದುರಿನಿಂದ ಬರುವವನಿಗೆ ಅದು ಕಾಣುವುದಿಲ್ಲ! ಪಕ್ಕದಲ್ಲಿ ಕುಳಿತ ಹಿರಿಯರು "ಡಿಪ್ಪರ್ ಹೊಡಿಯೋ ತಮ್ಮಾ" ಎಂದರೆ, "ಅಂವಾ ಮೊದಲ ಹೊಡೀಲಿ ತಗೋ ಕಾಕಾ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಬ್ಬರೂ ಹಟ ಹಿಡಿದು ಪರಸ್ಪರ ಕುರುಡರಾಗಿ ಹಾಯುವ ಆ ಎರಡು ಗಳಿಗೆಯಲ್ಲಿಯೇ ನಿಂತ ಟ್ರೇಲರು ಬೇಟೆಗೆ ಕಾದಿರುತ್ತದೆ.

ಈ ಹಟದ ಕೆಲಸವನ್ನು ಮನುಷ್ಯನ ಕೈಯಿಂದ ಬಿಡಿಸುವ ಯತ್ನ ಹೊಸದಲ್ಲ. 1952ರಲ್ಲಿಯೇ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯವರು ತಮ್ಮ ಕ್ಯಾಡಿಲಾಕ್ ಮೊದಲಾದ ಕಾರುಗಳಲ್ಲಿ 'ಆಟ್ರಾನಿಕ್ ಐ' ಎಂಬ ವಿದ್ಯುತ್ ಕಣ್ಣೊಂದನ್ನು ಅಳವಡಿಸಿದರು. ಎದುರಿನ ಬೆಳಕು ಅದರ ಮೇಲೆ ಬಿದ್ದೊಡನೆ ದೀಪ ತಾನಾಗಿಯೇ ತಗ್ಗುತ್ತಿತ್ತು. ಅದಕ್ಕೂ ಮುನ್ನ, 1948ರ ಟಕ್ಕರ್ ಕಾರಿಗೆ ಹಣೆಗಣ್ಣಿನಂತೆ ನಡುವೆ ಮೂರನೆಯ ದೀಪವಿದ್ದು, ಅದು ಸ್ಟಿಯರಿಂಗಿನೊಡನೆ ತಿರುಗುತ್ತಿತ್ತು. 1967ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್. ಕಾರಿನ ಒಳದೀಪಗಳು ತಿರುವಿನೊಳಕ್ಕೆ ಇಣುಕಿ ನೋಡಲು ಕಲಿತವು.

ನಿಜವಾದ ಪಲ್ಲಟವಾದದ್ದು ಒಂದು ದೀಪ ಹಲವು ದೀಪಗಳಾಗಿ ಒಡೆದಾಗ. 2013ರಲ್ಲಿ ಆಡಿ ಎ-8 ಕಾರಿನ ಒಂದೊಂದು ಮುಂದೀಪದಲ್ಲಿಯೂ 25 ಸಣ್ಣ ಎಲ್.ಇ.ಡಿ.ಗಳು ಎತ್ತರದ ಬೆಳಕನ್ನು ಹಂಚಿಕೊಂಡು ಬೀರಿದವು. ಗಾಜಿನ ಹಿಂದಿನ ಕ್ಯಾಮೆರಾ ಎದುರಿನ ವಾಹನವನ್ನು ಕಂಡಾಕ್ಷಣ, ಆ ವಾಹನದತ್ತ ಹಾಯುವ ಎಲ್.ಇ.ಡಿ.ಗಳಷ್ಟೇ ಆರುತ್ತವೆ, ಉಳಿದ ರಸ್ತೆ ಪೂರ್ಣ ಪ್ರಭೆಯಲ್ಲಿಯೇ ಇರುತ್ತದೆ. ಎದುರಿನವನು ಒಂದು ನೆರಳಿನ ಕೊಡೆ ಹಿಡಿದು ದಾಟಿಹೋದಂತೆ. 2018ರ ಮರ್ಸಿಡಿಸ್ ಕಾರಿನಲ್ಲಿ ದೀಪವೊಂದಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿದ ಸೂಕ್ಷ್ಮ ಕನ್ನಡಿಗಳಿದ್ದವು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶ್ರೀನಿವಾಸ ನರಸಿಂಹನ್ ಅವರ ತಂಡವಂತೂ ಬೀಳುವ ಮಳೆಹನಿಗಳನ್ನೇ ತಪ್ಪಿಸಿ ಅವುಗಳ ನಡುವಣ ಸಂದಿಯಲ್ಲಿ ಬೆಳಕು ಹಾಯಿಸುವ ದೀಪವನ್ನು ಪ್ರಯೋಗಿಸಿ ತೋರಿಸಿತು. ಯುರೋಪಿನಲ್ಲಿ ಮೊದಲೇ ಸಮ್ಮತವಾಗಿದ್ದ ಈ ಬಗೆಯ ದೀಪಗಳಿಗೆ ಅಮೆರಿಕ ಒಪ್ಪಿಗೆಯಿತ್ತದ್ದು 2022ರಲ್ಲಿ. ಭಾರತದಲ್ಲಿ ಮಾರಾಟವಾಗುವ ಬೆಲೆಬಾಳುವ ಕಾರುಗಳಲ್ಲಿಯೂ ಇವು ಬಂದಿವೆ.

ಇನ್ನೊಂದು ಜಾತಿಯ ದೀಪಕ್ಕೆ ಬೆಳಕೇ ಬೇಡ. ವಸ್ತುವಿನ ಕಾವನ್ನು ಗ್ರಹಿಸುವ ಕ್ಯಾಮೆರಾ 2000ದ ಮಾದರಿಯ ಕ್ಯಾಡಿಲಾಕ್ ಡೆವಿಲ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಅನಂತರ ಬಂದ ಕೆಲವು ಜರ್ಮನ್ ಕಾರುಗಳಲ್ಲಿ, ದಾರಿಯ ಬದಿಗೆ ನಡೆಯುವ ಮನುಷ್ಯನ ಮೈಕಾವನ್ನು ಕಂಡ ಕ್ಯಾಮೆರಾ ದೀಪಕ್ಕೆ ಹೇಳುತ್ತದೆ. ದೀಪ ಅವನ ಮೇಲೆ ಬೆಳಕಿನ ಬೆರಳಿಟ್ಟು ಚಾಲಕನಿಗೆ ತೋರಿಸುತ್ತದೆ.

ಇಂತಹ ಕಾರೊಂದು ಇರುಳಿನಲ್ಲಿ ಬೈಲಹೊಂಗಲದಿಂದ ಸವದತ್ತಿಯತ್ತ ಹೊರಟಿತೆಂದು ಭಾವಿಸೋಣ. ಬೆಳಗಿನ ಜಾವ ಹೊಲಕ್ಕೆ ನೀರು ಹಾಯಿಸಲು ಹೊರಟ ರೈತನನ್ನು ಅದು ಕಾಣುತ್ತದೆ. ಟೈರ್ ಗಾಡಿಗೆ ಹೂಡಿದ ಎತ್ತುಗಳನ್ನೂ ಅದು ಕಾಣಬಲ್ಲದು. ಎತ್ತು ಎಮ್ಮೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪೊರೆಯೊಂದಿದೆಯಾಗಿ, ಎದುರಿನಿಂದ ಬರುವ ಜೋಡಿಯಾದರೆ ಹಳೆಯ ದೀಪದ ಮುಂದೆಯೂ ಅವುಗಳ ಕಣ್ಣು ಹಸಿರಾಗಿ ಮಿನುಗಿ ಎಚ್ಚರಿಸುತ್ತದೆ. (ಹಂದಿಗೆ ಈ ಪೊರೆಯಿಲ್ಲ, ಊರ ಹೊರಗೆ ಅಡ್ಡ ಬರುವ ಹಂದಿ ಹೆಚ್ಚು ಅಪಾಯಕಾರಿಯೆನಿಸಲು ಇದೂ ಒಂದು ಕಾರಣವಿರಬೇಕು.) ಆದರೆ ನಿಂತ ಟ್ರೇಲರು? ಅದಕ್ಕೆ ಜೀವದ ಕಾವಿಲ್ಲ. ಇಬ್ಬನಿಯಲ್ಲಿ ನೆನೆದ ಕಬ್ಬು ಸುತ್ತಣ ಗಾಳಿಯಷ್ಟೇ ತಣ್ಣಗಿರುತ್ತದೆ. ಬಿಸಿಯಾದ ಎಂಜಿನ್ನು ಎರಡು ಹೊರೆಗಳ ಆಚೆ ಮರೆಯಾಗಿದೆ. ಬೆಳಕನ್ನು ಗುರುತಿಸುವ ಕ್ಯಾಮೆರಾ ಹುಡುಕುವುದು ಕೆಂಪು ಹಿಂದೀಪವನ್ನು, ಅದೂ ಇಲ್ಲ. ಇನ್ನು ಆಕಾರದಿಂದ ಗುರುತಿಸೋಣವೆಂದರೆ, ಯಂತ್ರಕ್ಕೆ ಕಾರು, ಲಾರಿ, ಮನುಷ್ಯರ ಸಹಸ್ರಾರು ಚಿತ್ರಗಳನ್ನು ತೋರಿಸಿ ಪಾಠ ಹೇಳಿರುತ್ತಾರೆ. ಆ ಪಾಠದಲ್ಲಿ ಕಬ್ಬಿನ ಹೊರೆ ಬಾರದಿದ್ದಲ್ಲಿ ಅದು ಪೊದೆಯೋ ವಾಹನವೋ ಎಂದು ಯಂತ್ರ ತಡವರಿಸಬೇಕಾದೀತು.

ಎತ್ತರದ ಬೆಳಕನ್ನು ಆರಿಸದೆ ದೂರದವರೆಗೆ ಚೆಲ್ಲುವುದೊಂದೇ ಇಲ್ಲಿ ಹೊಸ ದೀಪ ಮಾಡಬಲ್ಲ ಉಪಕಾರ. ಅದು ಸಣ್ಣ ಉಪಕಾರವೇನಲ್ಲ. ಆದರೆ ಆ ಬೆಳಕನ್ನು ಹಿಂದಕ್ಕೆ ಕೊಡಲು ಟ್ರೇಲರಿನಲ್ಲಿಯೂ ಏನಾದರೂ ಇರಬೇಕಲ್ಲ!

ಹಳೆಯ ಚಕ್ಕಡಿಯವನಿಗೆ ಈ ಮರ್ಮ ತಿಳಿದಿತ್ತು. ಅಚ್ಚಿನ ಕೆಳಗೆ ಅವನು ತೂಗುಬಿಡುತ್ತಿದ್ದ ಕಂದೀಲು ದಾರಿಯನ್ನು ಬೆಳಗುವಷ್ಟು ಪ್ರಖರವಾಗಿರಲಿಲ್ಲ. ದಾರಿ ಎತ್ತುಗಳಿಗೆ ಗೊತ್ತಿತ್ತು. ಕಂದೀಲು ಇದ್ದದ್ದು ಇತರರಿಗೆ ಕಾಣಲೆಂದು. ಎತ್ತಿನ ಕೊರಳ ಗಂಟೆಸರವೂ ಹಾಗೆಯೇ. ಕಿಟಕಿಯ ಗಾಜೇರಿಸಿಕೊಂಡು ಕುಳಿತವನಿಗೆ ಅದು ಈಗ ಕೇಳಿಸದು. ಕಂದೀಲಿನ ಸ್ಥಾನದಲ್ಲಿ ಇಂದು ನಿಲ್ಲಬಲ್ಲದ್ದು ಪ್ರತಿಫಲಕ ಪಟ್ಟಿ. ಇಂಗ್ಲೆಂಡಿನ ಪರ್ಸಿ ಶಾ ಎಂಬಾತ 1934ರಲ್ಲಿ ರಸ್ತೆಯ ನಡುವೆ ನೆಡುವ ಗಾಜಿನ 'ಬೆಕ್ಕಿನ ಕಣ್ಣಿ'ಗೆ ಹಕ್ಕುಪತ್ರ ಪಡೆದದ್ದೂ ಇದೇ ತತ್ತ್ವದ ಮೇಲೆ: ಬಂದ ಬೆಳಕನ್ನು ಅತ್ತಿತ್ತ ಚೆದುರಿಸದೆ ಬಂದ ದಾರಿಯಲ್ಲಿಯೇ ಹಿಂದಿರುಗಿಸುವುದು. ಇಂತಹ ಪಟ್ಟಿ ತಗ್ಗಿಸಿದ ದೀಪಕ್ಕೂ, ಬರಿಯ ಹೊರೆ ಕಾಣುವುದಕ್ಕಿಂತ ಎರಡು ಮೂರು ಪಟ್ಟು ದೂರದಿಂದಲೇ ಉತ್ತರ ಕೊಡುತ್ತದೆ. ಮೇಲೆ ಹೇಳಿದ 18 ಮೀಟರಿನ ಸಾಲ ಅಲ್ಲಿಗೆ ತೀರಿತು.

ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಬರುವ ಚಕ್ಕಡಿಗಳ ಸಾಲಿಗೂ ಇದು ಅನ್ವಯಿಸುತ್ತದೆ. ಹಾಲು ಚೆಲ್ಲಿದಂತಹ ಬೆಳದಿಂಗಳಿರುವಾಗ ಬೇರೆ ದೀಪವೇಕೆಂದು ಭಕ್ತರಿಗೆ ಅನಿಸುವುದು ಸಹಜ. ಆದರೆ ಮುಂದೀಪದ ಬೆಳಕಿಗೆ ಒಗ್ಗಿದ ಚಾಲಕನ ಕಣ್ಣಿಗೆ ಬೆಳದಿಂಗಳೆಂಬುದೇ ಇಲ್ಲ. ಅವನ ಬೆಳಕಿನ ಆಚೆಗಿರುವುದೆಲ್ಲ ಅಮಾವಾಸ್ಯೆಯೇ.

ಹಂಗಾಮಿನ ಆರಂಭದಲ್ಲಿ ಪೊಲೀಸರೂ ಕಾರ್ಖಾನೆಯವರೂ ಟ್ರೇಲರುಗಳಿಗೆ ಕೆಂಪು ಪಟ್ಟಿ ಅಂಟಿಸುವುದುಂಟು. ಆದರೆ ಆ ಪಟ್ಟಿ ಮರದ ಹಲಗೆಯ ಮೇಲೋ ತಗಡಿನ ಮೇಲೋ ಇರುತ್ತದೆ, ಕಬ್ಬು ಅದನ್ನು ದಾಟಿ ಮೂರು ಮೊಳ ಚಾಚಿರುತ್ತದೆ. ಜೋತುಬಿದ್ದ ತುದಿಗೇ ಕಟ್ಟುವ ಕೆಂಪು ಬಟ್ಟೆ ಹಗಲಿಗೆ ಸರಿ, ರಾತ್ರಿಗೆ ಅದು ಕರಿಬಟ್ಟೆ. ಪಟ್ಟಿಯನ್ನು ಒಂದು ಹಲಗೆಗೆ ಅಂಟಿಸಿ, ಹೊರೆ ಕಟ್ಟಿದ ಬಳಿಕ ಹಗ್ಗಕ್ಕೇ ಹಿಂದೆ ತೂಗುಹಾಕಿದರೆ ಈ ತೊಡಕಿಲ್ಲ. ಕರಿನೆಲದ ಕೆಸರು ವಾರದೊಳಗೆ ಅದನ್ನೂ ಮುಚ್ಚುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವಾಗ ಒಂದು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಲು ಬೇಕಾದಷ್ಟು ಬಿಡುವಿರುತ್ತದೆ.