ಚೇಳು ಕಡಿದಾಗ ಕೈಕಾಲು ಮುಟ್ಟಿ ನೋಡಿರಿ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ಒಂದು ಗ್ರಾಮದಲ್ಲಿ ತಂಗಿದ್ದೆವು. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ೧೪ ಕಿಲೋಮೀಟರು. ಕೊನೆಯ ಬಸ್ಸು ಸಂಜೆಯೇ ಹೋಗಿಬಿಡುತ್ತದೆ. ಪ್ರಸಾದವಾದ ಬಳಿಕ ವೃದ್ಧ ತಾಯಿಯೊಬ್ಬರು ಮೊಮ್ಮಗನನ್ನು ಮುಂದೆ ನಿಲ್ಲಿಸಿ, ಅವನ ಕುತ್ತಿಗೆಯ ಮೇಲೆ ಗೆರೆ ಎಳೆದಂತೆ ಎದ್ದಿದ್ದ ಬೊಬ್ಬೆಗಳನ್ನು ತೋರಿಸಿ, “ಶಾಸ್ತ್ರಿಗಳೇ, ಜೇಡ ಕಡದೈತ್ರಿ, ವಿಷ ಏರೀತೇನ್ರಿ?” ಎಂದು ಕಳವಳದಿಂದ ಕೇಳಿದರು.

ಜೇಡನ ಹೆಸರಿಗೆ ಹಚ್ಚುವ ಇಂಥ ಬೊಬ್ಬೆಗಳಲ್ಲಿ ಅನೇಕವು ಜೇಡನವಲ್ಲ. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಒಂದು ಸಣ್ಣ ಹುಳು ಮೈಮೇಲೆ ಕುಳಿತಾಗ ಅದನ್ನು ಕೈಯಿಂದ ಜಜ್ಜಿ ಒರೆಸಿದರೆ, ಅದರ ರಸ ಸೋಕಿದ ಕಡೆಯೆಲ್ಲ ಚರ್ಮ ಸುಟ್ಟಂತಾಗುತ್ತದೆ. ಸಾಬೂನು ನೀರಿನಿಂದ ತೊಳೆದು, ಕೆರೆಯದೆ ಬಿಟ್ಟರೆ ಕೆಲವು ದಿನಗಳಲ್ಲಿ ಮಾಯುತ್ತದೆ. ನಿಜವಾಗಿ ಜೇಡ ಕಡಿದರೂ ನಮ್ಮ ಸೀಮೆಯಲ್ಲಿ ಪ್ರಾಣಭಯ ತೀರ ವಿರಳ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿರುವ ಅಂಗೈಯಗಲದ ರೋಮಶ ಜೇಡ ಕಡಿದರೆ ಸ್ನಾಯುಗಳು ಸೆಟೆದು ಬಹಳ ನೋಯುತ್ತವೆ. ವೈದ್ಯರನ್ನು ಕಾಣಬೇಕು, ಅಷ್ಟೆ. ಆಸ್ಟ್ರೇಲಿಯಾದ ಮಾತು ಬೇರೆ. ಮಕ್ಕಳು ಸಿಡ್ನಿಯಲ್ಲಿರುವ ಮನೆತನಗಳು ನಮ್ಮಲ್ಲಿ ಈಗ ಕಡಿಮೆಯಿಲ್ಲವಾದ್ದರಿಂದ ಹೇಳುತ್ತೇವೆ: ಆ ನಗರದ ಸುತ್ತ ನೆಲದಲ್ಲಿ ಬಿಲ ತೋಡಿಕೊಂಡಿರುವ ಕರಿ ಜೇಡ ಪ್ರಾಣಾಂತಕವಾದುದು. ಅದು ಕಡಿದರೆ ಇಡೀ ಕೈ ಅಥವಾ ಕಾಲಿಗೆ ಅಗಲವಾದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ೧೯೮೧ರಲ್ಲಿ ಅದಕ್ಕೆ ಪ್ರತಿವಿಷ ಬಂದ ಮೇಲೆ ಸಾವುಗಳು ನಿಂತಿವೆ.

ಇದನ್ನೆಲ್ಲ ಕೇಳಿ ತಾಯಿ ನಿಟ್ಟುಸಿರಿಟ್ಟರು. ಆದರೆ ಆ ಹುಡುಗ ಮಲಗುತ್ತಿದ್ದ ಜಾಗವನ್ನು ಕಂಡು ನಮ್ಮ ಎದೆ ಝಲ್ಲೆಂದಿತು. ಕಟ್ಟಿಗೆಯ ಒಟ್ಟಿಲಿಗೆ ತಾಗಿ, ಸೀಳಿದ ಮಣ್ಣಿನ ಗೋಡೆಯ ಬುಡದಲ್ಲಿ ಹಾಸಿದ ಒಂದು ಚಾಪೆ. ಜೇಡನಿಗೆ ಇಷ್ಟು ಅಂಜುವ ನಾವು ಚೇಳಿಗೆ ಅಂಜುವುದಿಲ್ಲ. ಚೇಳೆಂದರೆ ಒಂದು ರಾತ್ರಿಯ ನೋವು ಎಂದು ತಿಳಿದಿದ್ದೇವೆ.

ನಾವೂ ಹಾಗೆಯೇ ತಿಳಿದಿದ್ದೆವು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ನಮಗಿಂತ ಎರಡು ವರ್ಷ ಕಿರಿಯನಾದ ಒಬ್ಬ ವಟು ದಾಸೋಹದ ಒಲೆಗೆ ಕುಳ್ಳು ತರಲು ಹೋಗಿ ಬೆರಳಿಗೆ ಚೇಳು ಕಡಿಸಿಕೊಂಡು ಬಂದ. ಸಣ್ಣ ಕೆಂಪು ಚೇಳು. ಮಂತ್ರ ಹಾಕುವವರು ಬಂದರು, ಬೇವಿನ ಸೊಪ್ಪಿನಿಂದ ಇಳಿಸಿದರು. ಗಳಿಗೆಯೊಳಗೆ ನೋವು ಇಳಿಯಿತೆಂದು ಹುಡುಗನೇ ಹೇಳಿದ. ಎಲ್ಲರೂ ಮಲಗಲು ಹೋದರು. ಗಾಳಿ ಬೀಸಲು ನಮ್ಮನ್ನು ಕೂರಿಸಿದರು. ಅವನ ಅಂಗಿ ಬೆವರಿನಿಂದ ತೊಯ್ದಿತ್ತು, ಎರಡು ಸಲ ವಾಂತಿ ಮಾಡಿಕೊಂಡ, ಅಂಗಾಲು ಮಂಜಿನಂತೆ ತಣ್ಣಗಿತ್ತು. ನಾವು ಕಂಬಳಿ ಹೊದಿಸಿದೆವು. ನೋವು ಹೋಗಿದೆಯಲ್ಲ, ಹಿರಿಯರನ್ನು ಎಬ್ಬಿಸುವುದೇಕೆ ಎಂದುಕೊಂಡೆವು. ಬೆಳಗಿನ ಜಾವ ಅವನಿಗೆ ಉಸಿರು ಕಟ್ಟಿತು, ಬಾಯಲ್ಲಿ ನಸುಗೆಂಪು ನೊರೆ ಬಂತು. ಎತ್ತಿನ ಗಾಡಿ ಕಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಆ ರಾತ್ರಿ ನಾವು ಕಂಡದ್ದೇನು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ, ಮಹಾರಾಷ್ಟ್ರದ ಡಾ. ಹಿಮ್ಮತರಾವ್ ಬಾವಸ್ಕರ ಅವರ ಕೆಲಸದ ವಿಷಯ ಓದಿದಾಗ. ರಾಯಗಡ ಜಿಲ್ಲೆಯ ಮಹಾಡ ಸೀಮೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರವೊಂದರಲ್ಲಿ ತರುಣ ವೈದ್ಯರಾಗಿದ್ದ ಅವರು ಚೇಳು ಕಡಿದ ರೋಗಿಗಳ ಪಕ್ಕದಲ್ಲಿಯೇ ರಾತ್ರಿಗಳನ್ನು ಕಳೆದು, ಸಾವಿಗೆ ಮುನ್ನ ಕಾಣುವ ಗುರುತುಗಳನ್ನು ಬರೆದಿಟ್ಟರು: ವಾಂತಿ, ಮೈತುಂಬ ಬೆವರು, ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಜನನಾಂಗ ತಾನಾಗಿಯೇ ಬಿರುಸಾಗುವುದು. ೧೯೮೨ರಲ್ಲಿ ಇದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಕಂಡ ಇನ್ನೊಂದು ಸಂಗತಿ ನಮ್ಮ ತಿಳಿವಳಿಕೆಯನ್ನೇ ತಲೆಕೆಳಗು ಮಾಡುವಂಥದು. ಕಡಿದ ಜಾಗದಲ್ಲಿ ತಡೆಯಲಾರದ ನೋವಿದ್ದು ಚೀರಾಡುವವರು ಬಹುಮಟ್ಟಿಗೆ ಉಳಿಯುತ್ತಾರೆ. ನೋವು ಅಷ್ಟಾಗಿ ಇಲ್ಲದೆ ಬೆವರುತ್ತ ತಣ್ಣಗಾಗುವವರೇ ಅಪಾಯದಲ್ಲಿರುವವರು.

ಕಾರಣವಿದು. ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸಿ, ಭಯವಾದಾಗ ಮೈಯಲ್ಲಿ ಉಕ್ಕುವ ರಸವನ್ನೇ ಪ್ರವಾಹದಂತೆ ಹರಿಯಬಿಡುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಹೃದಯ ಆ ಬಿಗಿಯ ವಿರುದ್ಧ ದುಡಿದು ದಣಿಯುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೊಸಿನ್ ಎಂಬ ಅಗ್ಗದ ಮಾತ್ರೆ ಈ ಬಿಗಿಯನ್ನು ಸಡಿಲಿಸುವುದೆಂದು ಬಾವಸ್ಕರ ದಂಪತಿಗಳು ಕಂಡುಕೊಂಡು ೧೯೮೬ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ವಿಷವೇರಿದ ನೂರು ಜನರಲ್ಲಿ ಸುಮಾರು ೩೦ ಜನ ಸಾಯುತ್ತಿದ್ದರು. ಆಮೇಲೆ ಆ ಸಂಖ್ಯೆ ತೀರ ಇಳಿಯಿತು. ೨೦೧೧ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದಲ್ಲಿ, ಮಾತ್ರೆಯ ಜೊತೆಗೆ ಚೇಳಿನ ಪ್ರತಿವಿಷವನ್ನೂ ಕೊಟ್ಟ ೩೫ ಜನರಲ್ಲಿ ೩೨ ಜನ ಹತ್ತು ಗಂಟೆಗಳೊಳಗೆ ಚೇತರಿಸಿಕೊಂಡರು. ಬರಿಯ ಮಾತ್ರೆ ಪಡೆದ ೩೫ರಲ್ಲಿ ಅಷ್ಟು ಬೇಗ ಚೇತರಿಸಿಕೊಂಡವರು ೮ ಜನ. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ನಮ್ಮ ವಟುವಿಗೆ ಇದಾವುದೂ ಒದಗಲಿಲ್ಲ. ಆಗ ಆ ಔಷಧದ ಗುಣ ಯಾರಿಗೂ ಗೊತ್ತಿರಲಿಲ್ಲ. ಇಂದು ಗೊತ್ತಿದೆ.

ಆದ್ದರಿಂದ ಆಸ್ಪತ್ರೆ ದೂರವಿರುವ ಮನೆಯವರು ಮೊದಲು ಹೊರಡುವ ಏರ್ಪಾಡು ಮಾಡಬೇಕು. ೧೦೮ಕ್ಕೆ ಫೋನು ಮಾಡುವುದು, ಊರಿನಲ್ಲಿ ಯಾರ ವಾಹನವಿದೆಯೋ ಅವರನ್ನು ಎಬ್ಬಿಸುವುದು. ಉಳಿದುದೆಲ್ಲ ಅದು ಬರುವವರೆಗಿನ ಕೆಲಸ. ಉಂಗುರ, ಬಳೆ, ಕಾಲ್ಗಡಗ ಬಿಚ್ಚಿರಿ. ಕಡಿದಲ್ಲಿ ಸಾಬೂನು ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿರಿ. ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು, ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ಸಿಡ್ನಿಯ ಜೇಡಕ್ಕೆ ಹೇಳಿದ ಪಟ್ಟಿಯೂ ಇಲ್ಲಿ ಸಲ್ಲದು. ಕಡಿದ ಸಮಯವನ್ನು ಗುರುತಿಟ್ಟುಕೊಳ್ಳಿರಿ. ಉಸಿರು ಸರಾಗವಾಗಿದ್ದರೆ ಗುಟುಕು ಗುಟುಕಾಗಿ ನೀರು ಕೊಡಬಹುದು. ಉಸಿರು ಕಟ್ಟುತ್ತಿದ್ದರೆ ಬೆನ್ನಿಗೆ ದಿಂಬು ಕೊಟ್ಟು ಒರಗಿಸಿರಿ. ಮತ್ತೆ ಮತ್ತೆ ಕೈಕಾಲು ಮುಟ್ಟಿ ನೋಡಿರಿ. ತಣ್ಣಗಾದರೆ, ಬೆವರಿದರೆ, ವಾಂತಿಯಾದರೆ ಒಂದು ಕ್ಷಣವೂ ತಡಮಾಡಲಾಗದು. ಮಕ್ಕಳ ವಿಷಯದಲ್ಲಿ ಈ ಗುರುತುಗಳಿಗಾಗಿ ಕಾಯುವುದೂ ತಪ್ಪು. ಕಡಿದ ಕೂಡಲೇ ಒಯ್ಯಬೇಕು.

ಪ್ರಾಜೊಸಿನ್ನನ್ನು ಮನೆಯಲ್ಲಿ ತಂದಿಟ್ಟು ತಾವೇ ಕೊಡಲು ಯಾರೂ ಮುಂದಾಗಬಾರದು. ಮಗುವಿನ ತೂಕ ನೋಡಿ ವೈದ್ಯರೇ ಅಳೆದು ಕೊಡಬೇಕು; ಕೊಟ್ಟ ಮೇಲೆ ಮಗುವನ್ನು ಎತ್ತಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುವ ಭಯವುಂಟು. ಆದರೆ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಆ ಮಾತ್ರೆ ಇದೆಯೇ ಎಂದು ಇಂದೇ ಹೋಗಿ ಕೇಳಬಹುದು, ಕೇಳಬೇಕು.

ಮಂತ್ರ ಹಾಕುವವರ ಮೇಲೆ ನಮಗೆ ಮುನಿಸಿಲ್ಲ. ಅಂಜಿದ ಮಗುವಿಗೆ ಹಿರಿಯರ ಕೈ ತಲೆಯ ಮೇಲಿದ್ದರೆ ಧೈರ್ಯ ಬರುತ್ತದೆ. ಅವರು ಬರಲಿ, ವಾಹನದಲ್ಲಿ ಮಗುವಿನ ಪಕ್ಕದಲ್ಲಿಯೇ ಕುಳಿತು ಮಂತ್ರ ಹಾಕಲಿ.

ಆ ಗ್ರಾಮದಲ್ಲಿ ಮರುದಿನ ಪ್ರವಚನಕ್ಕೆ ಕುಳಿತಾಗ ಈ ಮಾತನ್ನೇ ಮೊದಲು ಹೇಳಿದೆವು. ಟಂಟಂ ಓಡಿಸುವ ತರುಣನೊಬ್ಬ ಎದ್ದುನಿಂತು, ಯಾವ ಹೊತ್ತಿಗೆ ಕರೆದರೂ ಬರುವೆನೆಂದ. ಅವನ ಫೋನು ನಂಬರನ್ನು ಮಠದ ಗೋಡೆಯ ಮೇಲೆ ಇದ್ದಿಲಿನಿಂದ ಬರೆಸಿದೆವು. ವೃದ್ಧ ತಾಯಿ ಅಂದೇ ಕಟ್ಟಿಗೆಯನ್ನು ಹಿತ್ತಲಿಗೆ ಸಾಗಿಸಿ, ಮೊಮ್ಮಗನಿಗೆ ನೆರೆಮನೆಯಿಂದ ಒಂದು ಹೊರಸು ಕೇಳಿ ತಂದಿದ್ದರು.