ಊರವರನ್ನು ಕೇಳದೆ ಬರೆದ ಹೆಸರು

ಭೂಪಟದಲ್ಲಿ ಅಚ್ಚಾದದ್ದೇ ಊರಿನ ನಿಜವಾದ ಹೆಸರು, ಊರವರ ಬಾಯಲ್ಲಿರುವುದು ಅದರ ಅಪಭ್ರಂಶ ಎಂದು ನಂಬಿರುವ ವಿದ್ಯಾವಂತರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಈ ನಂಬಿಕೆ ಎಷ್ಟು ಪೊಳ್ಳೆಂಬುದಕ್ಕೆ ಸ್ಕಾಟ್ಲೆಂಡಿನ ಹಳ್ಳಿಗಾಡೇ ಸಾಕ್ಷಿ.

19ನೆಯ ಶತಮಾನದ ನಡುವಿನಲ್ಲಿ ಆರ್ಡ್ನೆನ್ಸ್ ಸರ್ವೆಯವರು ಆ ನಾಡನ್ನು ಅಳೆಯುವಾಗ ‘ನೇಮ್ ಬುಕ್’ ಎಂಬ ದಫ್ತರಗಳನ್ನಿಟ್ಟರು. ಹೆಸರು, ಅದನ್ನು ಬರೆಯುವ ಬೇರೆಬೇರೆ ರೀತಿ, ಹಾಗೆಂದು ಹೇಳಿದವರು ಯಾರು, ಸ್ಥಳದ ವಿವರಣೆ—ಒಂದೊಂದಕ್ಕೂ ಒಂದು ಅಂಕಣ. ಏರ್ಪಾಡು ಮೆಚ್ಚತಕ್ಕದ್ದೇ, ಸಂಶೋಧಕರಿಗೆ ಅದು ಇಂದಿಗೂ ಗಣಿ. ಆದರೆ ‘ಹೇಳಿದವರು ಯಾರು’ ಎಂಬ ಅಂಕಣವನ್ನು ನೋಡಿ: ಹೆಚ್ಚಾಗಿ ಜಮೀನುದಾರ, ಅವನ ಪಾರುಪತ್ಯಗಾರ, ಪಾದ್ರಿ, ಶಾಲೆಯ ಮೇಷ್ಟರು. 1905ರಲ್ಲಿ ಇಲಾಖೆ ತನ್ನ ನೌಕರರಿಗೆ ಕೊಟ್ಟ ಸೂಚನೆಯಂತೂ ಮುಚ್ಚುಮರೆಯಿಲ್ಲದ್ದು. ಸಣ್ಣ ರೈತರನ್ನೂ ಗುಡಿಸಲವಾಸಿಗಳನ್ನೂ, ಅವರು ವಾಸಿಸುವ ಜಾಗದ ಹೆಸರಿಗೆ ಕೂಡ, ನೆಚ್ಚಬಾರದಂತೆ. ಚೆನ್ನಾಗಿ ಓದಿದ ಒಕ್ಕಲಾದರೆ ಆಗಬಹುದಂತೆ! ತಾನು ಹುಟ್ಟಿದ ಹಟ್ಟಿಯ ಹೆಸರು ತನಗೇ ತಿಳಿಯದೆಂದು ಒಬ್ಬನಿಗೆ ಹೇಳುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ?

ಇದರ ಫಲವೇನು? ಹೈಲ್ಯಾಂಡ್ಸ್ ಸೀಮೆಯಲ್ಲೊಂದು ಊರನ್ನು ಜನ ‘ಕಿನ್‌ಯೂಸಿ’ ಎನ್ನುತ್ತಾರೆ. ಗೇಲಿಕ್ ಭಾಷೆಯಲ್ಲಿ ಅದು ‘ಪೈನ್ ಕಾಡಿನ ತಲೆ’. ಇಂಗ್ಲಿಷ್ ಕಾಗುಣಿತದಲ್ಲಿಯೋ ಮೊದಲ ನಾಲ್ಕಕ್ಷರ ‘ಕಿಂಗ್’! ಕಾಡು ಮಾಯವಾಗಿ ಇಲ್ಲದ ಅರಸನೊಬ್ಬ ಬಂದು ಕುಳಿತ. ಕೇರ್ನ್‌ಗಾರ್ಮ್ಸ್ ಬೆಟ್ಟಗಳಲ್ಲಿ ಒಂದು ಶಿಖರಕ್ಕೆ ಹಳ್ಳಿಗರು ದೆವ್ವದ ಗುಹ್ಯಾಂಗದ ಹೆಸರಿಟ್ಟು ನಕ್ಕಿದ್ದರು. ನಾಗರಿಕರು ಅದನ್ನು ಇಂಗ್ಲಿಷಿನಲ್ಲಿ ‘ದೆವ್ವದ ಮೊನೆ’ ಮಾಡಿ ಮಾನ ಉಳಿಸಿಕೊಂಡರು. ಹೆಸರಿನೊಂದಿಗೆ ಹಳ್ಳಿಯ ನಗೆಯೂ ಹೋಯಿತು.

‘ಬಾಯಿಗೊಂದು ರೂಪ ಬರೆದರೆ ಅಂಚೆಯವನ ಗತಿಯೇನು?’ ಎಂದು ಕೇಳುವವರುಂಟು. ಅಂಚೆಯವನಿಗೆ ಒಂದೇ ರೂಪ ಸಾಕು, ಒಪ್ಪೋಣ. ಆದರೆ ಚರಿತ್ರೆ ಅಂಚೆಯವನ ಚೀಲವಲ್ಲ. ಹಾಗೆಂದು, ಕಿವಿಗೆ ಬಿದ್ದ ಸದ್ದಿನಿಂದಲೇ ವ್ಯುತ್ಪತ್ತಿ ಹೊಸೆಯುವ ಉತ್ಸಾಹಿಗಳನ್ನೂ ನಾನು ಸಮರ್ಥಿಸಲಾರೆ. ವಿಲಿಯಂ ವಾಟ್ಸನ್ 1926ರ ತಮ್ಮ ಮಹಾಗ್ರಂಥದಲ್ಲಿ ತೋರಿದ ದಾರಿಯೇ ಸರಿ: ಹಳೆಯ ಬರಹವೂ ಬೇಕು, ಬದುಕಿರುವವರ ಉಚ್ಚಾರಣೆಯೂ ಬೇಕು, ಒಂದು ಇನ್ನೊಂದಕ್ಕೆ ಸಾಕ್ಷಿ. ಲೂಯಿಸ್ ದ್ವೀಪದ ಹಳ್ಳಿಗಳ ಹೆಸರಿನ ಕೊನೆಯ ‘ಬಾಸ್ಟ್’ ಗೇಲಿಕ್ ಬಾಯಲ್ಲಿ ಉಳಿದ ನಾರ್ಸ್ ಜನರ ಹೊಲಮನೆ. ಬರೀ ಭೂಪಟ ನೋಡಿದವನಿಗೆ ಇದು ತಿಳಿಯುವುದೆಂತು?

ಇದೇ ಲೂಯಿಸ್‌ನ ಸ್ಟಾರ್ನೊವೇಯಲ್ಲಿ ಹುಟ್ಟಿದವನು ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಮೋಜಣಿ ನಡೆಸಿದ ಆತ ಅಳತೆಯೊಂದಕ್ಕೇ ತೃಪ್ತನಾಗಲಿಲ್ಲ. ಈ ನಾಡಿನ ಸಹಾಯಕರ ಕೈಯಲ್ಲಿ ಊರೂರಿನ ಕೈಫಿಯತ್ತುಗಳನ್ನು ಊರವರ ಭಾಷೆಯಲ್ಲೇ ಬರೆಸಿ ಕೂಡಿಸಿದ. ಆಳಲು ಬಂದವನೇ, ನಿಜ. ಆದರೂ ನಮ್ಮ ಹಳ್ಳಿಗನಿಗೆ ದೊರೆತ ಅಷ್ಟು ಮನ್ನಣೆ ಅರ್ಧ ಶತಮಾನ ಕಳೆದರೂ ಅವನದೇ ನಾಡಿನ ರೈತನಿಗೆ ದೊರೆಯಲಿಲ್ಲವೆಂಬುದು ವಿಚಿತ್ರ.

1891ರಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಬಲ್ಲವರು ಎರಡೂವರೆ ಲಕ್ಷ. 2022ರ ಗಣತಿಯಲ್ಲಿ ಸುಮಾರು 70 ಸಾವಿರ. ಗುಡ್ಡ, ಹಳ್ಳ, ಹೊಲಗಳ ಹೆಸರು ಬಲ್ಲ ಮುದುಕರು ಇವರಲ್ಲಿ ಇನ್ನೆಷ್ಟು ಮಂದಿ? ಕಾಗುಣಿತವನ್ನು ನಾಳೆ ತಿದ್ದಬಹುದು. ಬಾಯಿ ಮುಚ್ಚಿದ ಮೇಲೆ ಕೇಳುವುದು ಯಾರನ್ನು?